ಆಟದಲ್ಲಿ ಹೇಳುವ ಸುಳ್ಳು ಸುಳ್ಳಲ್ಲವೇ?



ಗುಂಡ್ಲುಪೇಟೆಯ ಒಬ್ಬ ತಂದೆ ಒಂದು ರಾತ್ರಿ ಇಶಾ ನಮಾಝಿನ ಬಳಿಕ ನನ್ನನ್ನು ಮಸೀದಿಯ ಬಾಗಿಲಲ್ಲಿ ತಡೆದು ನಿಲ್ಲಿಸಿದರು. ಅವರ ಹಿರಿಯ ಮಗ ಹತ್ತನೆಯ ತರಗತಿ. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವನಷ್ಟು ಚುರುಕಾದ ಹುಡುಗ ಇನ್ನೊಬ್ಬನಿಲ್ಲ. ಚಾಮರಾಜನಗರದಲ್ಲಿ ಜಿಲ್ಲಾ ಮಟ್ಟದ ಪಂದ್ಯ ಹತ್ತಿರವಾಗಿತ್ತು. ಆದರೆ ಸಣ್ಣವನಿದ್ದಾಗ ಕಾಯಿಲೆಯಿಂದ ತಡವಾಗಿ ಶಾಲೆಗೆ ಸೇರಿದ್ದ ಅವನ ವಯಸ್ಸು ಹದಿನೇಳರ ಮಿತಿಯನ್ನು ಮೂರು ತಿಂಗಳು ದಾಟಿತ್ತು. ತರಬೇತಿ ಕೊಡುತ್ತಿದ್ದ ಮೇಷ್ಟ್ರು ಒಂದು ದಾರಿ ಸೂಚಿಸಿದ್ದರು. ಅದೇ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಅವನ ತಮ್ಮನಿದ್ದಾನೆ. ಅರ್ಜಿಯಲ್ಲಿ ತಮ್ಮನ ಹೆಸರು, ಅಣ್ಣನ ಫೋಟೋ. ತಂದೆಯ ಒಪ್ಪಿಗೆಯೊಂದು ಬೇಕು, ಅಷ್ಟೆ.

"ಹಜರತ್, ಇದು ವ್ಯಾಪಾರದ ಮೋಸವಲ್ಲ, ಕೋರ್ಟಿನ ಸುಳ್ಳು ಸಾಕ್ಷಿಯಲ್ಲ. ಮಕ್ಕಳ ಆಟ. ಇದರಲ್ಲೂ ಗುನಾಹ್ ಇದೆಯಾ?" ಎಂದು ಅವರು ಕೇಳಿದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಆ ಮೇಷ್ಟ್ರನ್ನು ನಾನು ಬಲ್ಲೆ. ಅವರು ಕೆಟ್ಟ ಮನುಷ್ಯರಲ್ಲ. ದೊಡ್ಡ ನಗರಗಳ ಶ್ರೀಮಂತ ಶಾಲೆಗಳಲ್ಲಿ ಒಂದು ತಂಡಕ್ಕೆ ಮುಖ್ಯ ತರಬೇತುದಾರ, ಸಹಾಯಕ ತರಬೇತುದಾರ ಎಂದು ಹಲವರಿರುತ್ತಾರೆ. ನಮ್ಮ ಕಡೆಯ ಶಾಲೆಗಳಲ್ಲಿ ಎಲ್ಲವೂ ಒಬ್ಬರೇ. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವುದು, ಕಬಡ್ಡಿ, ಖೋಖೋ, ವಾಲಿಬಾಲ್, ಬಾಸ್ಕೆಟ್‌ಬಾಲ್ ಎಲ್ಲವನ್ನೂ ಕಲಿಸುವುದು, ಆಗಸ್ಟ್ ಹದಿನೈದರ ಪಥಸಂಚಲನ, ಬೇರೆ ಶಿಕ್ಷಕರು ರಜೆ ಹಾಕಿದರೆ ಅವರ ಪಾಠ. ಈ ಮೇಷ್ಟ್ರು ತಮ್ಮ ಸಂಬಳದಿಂದ ಚೆಂಡು ಕೊಂಡುಕೊಟ್ಟವರು. ಪ್ರಮಾಣಪತ್ರ ಸಿಕ್ಕರೆ ಬಡ ಹುಡುಗನಿಗೆ ಮುಂದೆ ಕ್ರೀಡಾ ಮೀಸಲಾತಿಯಲ್ಲಿ ದಾರಿಯಾದೀತು ಎಂಬ ಪ್ರೀತಿಯೇ ಅವರಿಂದ ಆ ಮಾತನ್ನು ಆಡಿಸಿತ್ತು. ಪ್ರೀತಿಯಿಂದ ಹುಟ್ಟುವ ತಪ್ಪನ್ನು ಗುರುತಿಸುವುದು ಕಷ್ಟ. ಆದುದರಿಂದಲೇ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ, ಆಟವೆಂದರೆ ಧರ್ಮದ ಲೆಕ್ಕಕ್ಕೆ ಸೇರದ ಹುಡುಗಾಟವೇ? ನಮ್ಮ ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಷಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು. ಮೊದಲ ಸಲ ಆಯಿಷಾ(ರ) ಗೆದ್ದರು, ಕೆಲವು ಕಾಲದ ಬಳಿಕ ಪ್ರವಾದಿವರ್ಯರು(ಸ) ಗೆದ್ದರು. ಕುದುರೆ, ಒಂಟೆಗಳ ಪಂದ್ಯ, ಬಿಲ್ಲುಗಾರಿಕೆ ಎಲ್ಲವೂ ಆ ಸಮಾಜದಲ್ಲಿದ್ದವು. ಹೀಗೆ ಇಸ್ಲಾಮ್ ಆಟವನ್ನು ಕೀಳಾಗಿ ಕಂಡಿಲ್ಲ. ಕೀಳಲ್ಲದ ಕೆಲಸದಲ್ಲಿ ಮಾಡುವ ವಂಚನೆಯೂ ಸಣ್ಣದಾಗದು.

ಬಾಸ್ಕೆಟ್‌ಬಾಲನ್ನೇ ನೋಡಿ. ಅದು ಹುಟ್ಟಿದ್ದು ಒಬ್ಬ ವ್ಯಾಯಾಮ ಶಿಕ್ಷಕರ ಕೈಯಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಸಿಕ್ಕಿಬಿದ್ದ ತಮ್ಮ ಹದಿನೆಂಟು ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಕಟ್ಟಿದರು. ಗುರಿ ತಲೆಯ ಮೇಲಿದ್ದರೆ ಬರಿಯ ಬಲಪ್ರಯೋಗ ನಡೆಯದು, ಚೆಂಡು ಹಿಡಿದು ಓಡಬಾರದೆಂದರೆ ಒಬ್ಬರನ್ನೊಬ್ಬರು ಕೆಡವುವುದು ತಪ್ಪುತ್ತದೆ ಎಂಬುದು ಅವರ ಯೋಚನೆ. ಅವರು ಧರ್ಮಶಾಸ್ತ್ರ ಓದಿದವರು. ಮುಂದೆ ಕನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ತರಬೇತುದಾರರಾದಾಗ ಅವರ ಲೆಕ್ಕದಲ್ಲಿ 55 ಗೆಲುವು, 60 ಸೋಲು. ಆಟವನ್ನು ಕೊಟ್ಟವರೇ ಗೆದ್ದದ್ದಕ್ಕಿಂತ ಹೆಚ್ಚು ಸೋತರು. ಅದರಿಂದ ಅವರ ಗೌರವ ಕಡಿಮೆಯಾಗಲಿಲ್ಲ.

ಇನ್ನು ವಯಸ್ಸಿನ ವಿಷಯ. ಹಿಜರಿ 3ರಲ್ಲಿ ಉಹುದ್ ಯುದ್ಧಕ್ಕೆ ಸೇನೆ ಹೊರಟಾಗ ಅಬ್ದುಲ್ಲಾ ಬಿನ್ ಉಮರ್(ರ) ತಾನೂ ಬರುತ್ತೇನೆಂದು ಮುಂದೆ ಬಂದರು. ಅವರಿಗೆ ಹದಿನಾಲ್ಕು ವರ್ಷ. ಪ್ರವಾದಿವರ್ಯರು(ಸ) ಅನುಮತಿ ನೀಡಲಿಲ್ಲ. ಖಂದಕ್‌ನ ಸಂದರ್ಭದಲ್ಲಿ ಹದಿನೈದಾಗಿತ್ತು, ಆಗ ಅನುಮತಿ ಸಿಕ್ಕಿತು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಇದನ್ನು ಸ್ವತಃ ಅವರೇ ವರದಿ ಮಾಡಿದ್ದಾರೆ. ಇಂದು ನಾವು ಪ್ರಮಾಣಪತ್ರಕ್ಕಾಗಿ ಆಸೆ ಪಡುತ್ತೇವೆ; ಆ ಬಾಲಕ ಆಸೆಪಟ್ಟದ್ದು ಸತ್ಯದ ದಾರಿಯಲ್ಲಿ ಪ್ರಾಣ ಕೊಡುವುದಕ್ಕೆ. ಅಂತಹ ಉದಾತ್ತ ಆಸೆಗೂ ವಯಸ್ಸಿನ ಮಿತಿಯನ್ನು ಹಾಕಲಾಯಿತು. ಆ ಮಿತಿಯನ್ನು ದಾಟಲು ಅಬ್ದುಲ್ಲಾ(ರ) ಸುಳ್ಳು ಹೇಳದೆ ಕಾದರು.

ಅದೇ ಉಹುದ್‌ನ ಇನ್ನೊಂದು ಘಟನೆಯನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ರಾಫಿಅ್ ಬಿನ್ ಖದೀಜ್(ರ) ಒಳ್ಳೆಯ ಬಿಲ್ಲುಗಾರನೆಂದು ತಿಳಿದಾಗ ಅವರನ್ನು ಸೇರಿಸಿಕೊಳ್ಳಲಾಯಿತು. ಆಗ ಸಮುರಾ ಬಿನ್ ಜುಂದುಬ್(ರ) ಎಂಬ ಬಾಲಕ, ರಾಫಿಅ್‌ನನ್ನು ನಾನು ಕುಸ್ತಿಯಲ್ಲಿ ಕೆಡವಬಲ್ಲೆ ಎಂದು ವಾದಿಸಿದ. ಕುಸ್ತಿ ಏರ್ಪಟ್ಟಿತು, ಕೆಡವಿಯೂ ತೋರಿಸಿದ, ಅವನಿಗೂ ಸ್ಥಾನ ಸಿಕ್ಕಿತು. ತಂಡವನ್ನು ಆರಿಸುವ ಪ್ರತಿಯೊಬ್ಬ ಶಿಕ್ಷಕರಿಗೂ ಇದರಲ್ಲಿ ಪಾಠವಿದೆ. ಹುಡುಗನ ಅಹವಾಲನ್ನು ಆಲಿಸಬೇಕು, ಎಲ್ಲರ ಕಣ್ಣೆದುರು ಪರೀಕ್ಷಿಸಬೇಕು, ಬಳಿಕ ನ್ಯಾಯ ನೀಡಬೇಕು.

"ಆದರೆ ಇದರಿಂದ ಯಾರಿಗೆ ನಷ್ಟ?" ಎಂದು ನೀವು ಕೇಳಬಹುದು. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಶಾಲಾ ಕ್ರೀಡೆಯ ಮೆಟ್ಟಿಲುಗಳಿವೆ. ಒಬ್ಬ ಏರಿದನೆಂದರೆ ಇನ್ನೊಬ್ಬ ಕೆಳಗುಳಿದ. ಎದುರಾಳಿ ತಂಡದಲ್ಲಿ ನಿಜವಾಗಿಯೂ ಹದಿನಾರು ವರ್ಷದ, ನಿಮ್ಮ ಮಗನಷ್ಟೇ ಬಡವನಾದ ಒಬ್ಬ ಹುಡುಗನಿದ್ದಾನೆ. ಅವನ ಮುಖವನ್ನು ನೀವು ಕಂಡಿಲ್ಲ, ಅಲ್ಲಾಹನು ಕಂಡಿದ್ದಾನೆ. ಅವನ ಪಾಲಿನ ಪ್ರಮಾಣಪತ್ರ ನಿಮ್ಮ ಮನೆಯ ಗೋಡೆಯ ಮೇಲೆ ತೂಗಿದರೆ ಅದು ಹಕ್ಕುಲ್ ಇಬಾದ್, ಅಂದರೆ ದಾಸರ ಹಕ್ಕಿಗೆ ಸಂಬಂಧಿಸಿದ ಋಣ. ನಮಾಝು, ಉಪವಾಸಗಳಿಂದ ಆ ಋಣ ತೀರದು, ಹಕ್ಕುದಾರನೇ ಕ್ಷಮಿಸಬೇಕು. ಹೆಸರೇ ತಿಳಿಯದ ಆ ಹುಡುಗನನ್ನು ಎಲ್ಲಿ ಹುಡುಕುತ್ತೀರಿ? ದೇಶದ ಕಾನೂನು ಕೂಡ ಇದನ್ನು ಹಗುರವಾಗಿ ಕಂಡಿಲ್ಲ. ಕ್ರೀಡೆಯಲ್ಲಿ ವಯಸ್ಸಿನ ವಂಚನೆಯನ್ನು ತಡೆಯಲು ಭಾರತ ಸರಕಾರ 2010ರಲ್ಲೇ ಒಂದು ರಾಷ್ಟ್ರೀಯ ಸಂಹಿತೆಯನ್ನು ಹೊರಡಿಸಿತು.

ಇದಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ತಂಡದಲ್ಲಿರುವವರು ಹನ್ನೆರಡು ಹುಡುಗರು. ಪಂದ್ಯದ ದಿನ ಇಡೀ ಅವನನ್ನು ತಮ್ಮನ ಹೆಸರಿನಿಂದಲೇ ಕರೆಯಬೇಕೆಂದು ಉಳಿದ ಹನ್ನೊಂದು ಮಂದಿಗೆ ಅಭ್ಯಾಸ ಮಾಡಿಸಬೇಕಾಗುತ್ತದೆ. ಬಾಯಿತಪ್ಪಿ ನಿಜವಾದ ಹೆಸರು ಹೇಳಿದವನಿಗೆ ಬೈಗುಳ ಬೀಳುತ್ತದೆ. ಗಣಿತದ ಮೇಷ್ಟ್ರ ಮಾತನ್ನು ಮರೆಯುವ ಹುಡುಗರು ಮೈದಾನದ ಮೇಷ್ಟ್ರ ಮಾತನ್ನು ಸಾಯುವವರೆಗೂ ಮರೆಯುವುದಿಲ್ಲ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ಪ್ರಶ್ನಿಸಲ್ಪಡುವ ಕುರುಬನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹನ್ನೆರಡು ಕುರಿಗಳನ್ನು ಕಪ್‌ವರೆಗೆ ತಲುಪಿಸಿ, ದಾರಿಯಲ್ಲಿ ಅವುಗಳ ಸತ್ಯವನ್ನು ಕಳೆದ ಕುರುಬನು ನಾಳೆ ಏನು ಉತ್ತರಿಸಿಯಾನು?

ಮರುದಿನ ಆ ತಂದೆಯೊಂದಿಗೆ ನಾನೂ ಶಾಲೆಗೆ ಹೋದೆ. ಮೇಷ್ಟ್ರು ಸಿಟ್ಟಿನಲ್ಲೇ ಕೇಳಿದರು: "ಗುರುಗಳೇ, ಎದುರು ತಂಡದಲ್ಲಿ ಮೀಸೆ ಬಂದೋರು ಆಡ್ತಾರೆ. ನಾನೊಬ್ನೇ ಹರಿಶ್ಚಂದ್ರ ಆಗಿ ಈ ಮಕ್ಕಳನ್ನ ಸೋಲಿಸ್ಲಾ?" ಅವರ ನೋವು ಸುಳ್ಳಲ್ಲ. ನನಗೆ ತಿಳಿದದ್ದನ್ನು ಹೇಳಿದೆ. ಅನುಮಾನವಿದ್ದರೆ ಸಂಘಟಕರಿಗೆ ಬರವಣಿಗೆಯಲ್ಲಿ ದೂರು ಕೊಡಿ, ದಾಖಲೆ ತೋರಿಸಲು ಕೇಳಿ, ನಿಮ್ಮ ಜೊತೆ ನಾನೂ ಬರುತ್ತೇನೆ. ಆದರೆ ಇನ್ನೊಬ್ಬರ ಸುಳ್ಳು ನಮ್ಮ ಸುಳ್ಳಿಗೆ ಪರವಾನಗಿಯಾದರೆ, ಮೊದಲು ಸುಳ್ಳು ನಿಲ್ಲಿಸುವವರು ಯಾರು? ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಗೆಲ್ಲದಿದ್ರೆ ಮೊದಲು ಕೇಳೋರು ನೀವೇ ತಾನೇ? ಊರಿನವರೇ ತಾನೇ?" ಎಂದರು.

ಈ ಮಾತು ನನ್ನನ್ನು ಚುಚ್ಚಿತು. ನಿಮ್ಮನ್ನೂ ಚುಚ್ಚಬೇಕು. ಮಗ ಮೈದಾನದಿಂದ ಮನೆಗೆ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಗೆದ್ರಾ?" ಗೆದ್ದವನಿಗೆ ಹಾರ, ಸೋತವನಿಗೆ ಮೌನ. ವರ್ಷವಿಡೀ ಅಭ್ಯಾಸದ ಸಮಯದಲ್ಲಿ ಒಮ್ಮೆಯೂ ಮೈದಾನದ ಕಡೆ ಸುಳಿಯದ ನಾವು ಆ ಒಬ್ಬ ಶಿಕ್ಷಕರ ಹೆಗಲ ಮೇಲೆ ಇಡೀ ಊರಿನ ಮಾನವನ್ನು ಹೊರಿಸುತ್ತೇವೆ. ಪ್ರವಾದಿವರ್ಯರ(ಸ) 'ಅದ್‌ಬಾ' ಎಂಬ ಒಂಟೆ ಸೋಲನ್ನೇ ಅರಿಯದ್ದಾಗಿತ್ತು. ಒಮ್ಮೆ ಒಬ್ಬ ಹಳ್ಳಿಗನ ಎಳೆಯ ಒಂಟೆ ಅದನ್ನು ಹಿಂದಿಕ್ಕಿತು. ಅನುಚರರು ಖಿನ್ನರಾದರು. ಆಗ ಪ್ರವಾದಿವರ್ಯರು(ಸ), ಈ ಲೋಕದಲ್ಲಿ ಮೇಲೇರಿದ ಯಾವುದನ್ನಾದರೂ ಅಲ್ಲಾಹನು ಇಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತು ಹೇಳಿ ಅವರನ್ನು ಸಂತೈಸಿದರು. ಸೋಲನ್ನು ಹೀಗೆ ಸ್ವೀಕರಿಸುವ ಮನೆಯ ಮಗನಿಗೆ ತಮ್ಮನ ಹೆಸರು ಬೇಕಾಗುವುದಿಲ್ಲ.

ತಂದೆ ಒಪ್ಪಿಗೆ ಕೊಡಲಿಲ್ಲ. ಮೇಷ್ಟ್ರೂ ಒತ್ತಾಯಿಸಲಿಲ್ಲ. ಹಿರಿಯ ಮಗ ತಂಡದ ಜೊತೆ ಚಾಮರಾಜನಗರಕ್ಕೆ ಹೋದ, ಬೆಂಚಿನ ಬಳಿ ನಿಂತು ನೀರು ಕೊಟ್ಟ, ಕೂಗಿ ಹುರಿದುಂಬಿಸಿದ. ತಂಡ ಎರಡನೆಯ ಪಂದ್ಯದಲ್ಲೇ ಸೋತಿತು. ತೆರಕಣಾಂಬಿ ದಾರಿಯ ಬಸ್ಸಿನಲ್ಲಿ ಬರುವಾಗ ಅವನು ಅಳುತ್ತಿದ್ದನಂತೆ. ಮೇಷ್ಟ್ರು ಅವನ ಪಕ್ಕ ಕುಳಿತು ಗುಂಡ್ಲುಪೇಟೆ ಬರುವವರೆಗೂ ಅವನ ಹೆಗಲ ಮೇಲಿನ ಕೈ ತೆಗೆಯಲಿಲ್ಲವಂತೆ. ಸತ್ಯಕ್ಕೆ ಬೆಲೆ ಇಲ್ಲವೆಂದು ನಾನು ಹೇಳಲಾರೆ. ಆ ಹುಡುಗ ಅದನ್ನು ತೆತ್ತಿದ್ದಾನೆ.

ಓದುಗರೇ, ನಿಮ್ಮ ಮಗನ ಶಾಲೆಯಲ್ಲೂ ಇಂತಹ ಒಬ್ಬ ಮೇಷ್ಟ್ರಿದ್ದಾರೆ. ಈ ವಾರ ಒಂದು ಸಂಜೆ ಅಸರ್ ನಮಾಝಿನ ಬಳಿಕ ಮೈದಾನಕ್ಕೆ ಹೋಗಿ ಅವರಿಗೆ ಸಲಾಮೋ ನಮಸ್ಕಾರವೋ ಹೇಳಿ. ಗೆದ್ದರೂ ಸೋತರೂ ನಮ್ಮ ಮಕ್ಕಳನ್ನು ಸತ್ಯವಂತರನ್ನಾಗಿ ಹಿಂದಿರುಗಿಸಿ ಕೊಡಿ, ಅಷ್ಟು ಸಾಕು ಎಂದು ತಿಳಿಸಿ. ಮನೆಗೆ ಬಂದ ಮಗನಲ್ಲಿ "ಗೆದ್ಯಾ?" ಎನ್ನುವ ಮೊದಲು "ನ್ಯಾಯವಾಗಿ ಆಡಿದ್ಯಾ?" ಎಂದು ಕೇಳಿ. ನಮ್ಮ ವಶಕ್ಕೆ ಕೊಡಲಾದ ಅಮಾನತ್ತುಗಳನ್ನು ಕಾಪಾಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.