ಉಪವಾಸವೋ, ಅನ್ನಪಾನನಿರೋಧವೋ?



ಅನಶನ ತಪದ ಮಹಿಮೆಯನ್ನು ಕುರಿತ ಪ್ರವಚನವೊಂದು ಮುಗಿದ ಬಳಿಕ, ವಿಜ್ಞಾನವನ್ನು ಓದುತ್ತಿರುವ ತರುಣನೊಬ್ಬನು ನನ್ನ ಬಳಿಗೆ ಬಂದು ಹೀಗೆ ಕೇಳಿದನು: “ಮೂವತ್ತು ವರ್ಷ ಅನ್ನನೀರುಗಳಿಲ್ಲದೆ ಇದ್ದು ಮತ್ತೆ ಎದ್ದು ನಡೆಯುವ ಸೂಕ್ಷ್ಮಪ್ರಾಣಿಯೊಂದುಂಟು. ಅದನ್ನು ನಕ್ಷತ್ರಗಳತ್ತ ಕಳುಹಿಸುವ ಯೋಚನೆ ನಡೆದಿದೆ. ಅದನ್ನು ಯಾರೂ ಕೊಲ್ಲುವುದಿಲ್ಲ. ಮಲಗಿಸಿ ಕಳುಹಿಸುತ್ತಾರೆ, ಅಷ್ಟೆ. ಇದರಲ್ಲಿ ಹಿಂಸೆ ಎಲ್ಲಿದೆ?” ಪ್ರಶ್ನೆ ಹೊಸದು. ಆದರೆ ಅದಕ್ಕೆ ಉತ್ತರ ನಮ್ಮ ವ್ರತಗಳಲ್ಲಿಯೇ ಇದೆಯೆಂಬುದು ಯೋಚಿಸಿದಂತೆ ನನಗೆ ಹೊಳೆಯಿತು.

ಮೊದಲು ಸಂಗತಿಯನ್ನು ತಿಳಿಯೋಣ. ಆ ಪ್ರಾಣಿಯ ಹೆಸರು ಟಾರ್ಡಿಗ್ರೇಡ್; ನೀರುಕರಡಿ ಎಂದೂ ಕರೆಯುತ್ತಾರೆ. ಹಾವಸೆಯಲ್ಲಿ, ಕೆರೆಯ ಕೆಸರಿನಲ್ಲಿ, ಕಡಲಿನಲ್ಲಿ ಅದರ ವಾಸ. ದೇಹ ಸುಮಾರು ಅರ್ಧ ಮಿಲಿಮೀಟರ್, ಕಾಲುಗಳು ಎಂಟು. ಜರ್ಮನಿಯ ಗೋಟ್ಸೆ ಎಂಬ ಪಾದ್ರಿ 1773ರಲ್ಲಿ ಇದನ್ನು ವರ್ಣಿಸಿದನು. ಸುತ್ತಲಿನ ನೀರು ಆರಿದಾಗ ಇದು ಕಾಲುಗಳನ್ನು ಒಳಗೆಳೆದುಕೊಂಡು, ಗುಳಿಗೆಯಂತೆ ಮುದುಡಿ, ಜೀವವ್ಯಾಪಾರವನ್ನೆಲ್ಲ ನಿಲ್ಲಿಸಿದಂತೆ ಇರುತ್ತದೆ. ಅಂಟಾರ್ಕ್ಟಿಕದಲ್ಲಿ 1983ರಲ್ಲಿ ಸಂಗ್ರಹಿಸಿ ಹೆಪ್ಪುಗಟ್ಟಿಸಿಟ್ಟಿದ್ದ ಹಾವಸೆಯನ್ನು 2014ರಲ್ಲಿ ಕರಗಿಸಿದಾಗ ಅದರೊಳಗಿನ ನೀರುಕರಡಿ ಎಚ್ಚೆತ್ತು ಮೊಟ್ಟೆಯಿಟ್ಟಿತು. 2007ರಲ್ಲಿ ಫೋಟಾನ್-ಎಂ3 ಎಂಬ ನೌಕೆಯಲ್ಲಿ ಇವನ್ನು ಬಯಲು ಆಕಾಶಕ್ಕೆ ಒಡ್ಡಲಾಯಿತು. ನಿರ್ವಾತವನ್ನು ಅವು ಚೆನ್ನಾಗಿಯೇ ಸಹಿಸಿದವು. ಸೂರ್ಯನ ಅತಿನೇರಳೆ ಕಿರಣಗಳೂ ಪೂರ್ಣವಾಗಿ ತಾಗಿದಾಗ ಉಳಿದವು ಕೆಲವು ಮಾತ್ರ. 2019ರ ಏಪ್ರಿಲ್ 11ರಂದು ಚಂದ್ರನ ಮೇಲೆ ಅಪ್ಪಳಿಸಿದ ಇಸ್ರೇಲಿನ ಬೆರೆಶೀಟ್ ನೌಕೆಯಲ್ಲಿಯೂ ಒಣಗಿಸಿದ ಸಾವಿರಾರು ನೀರುಕರಡಿಗಳಿದ್ದವು.

ಈಗಿನ ಯೋಚನೆ ಇನ್ನೂ ದೂರದ್ದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ಫಿಲಿಪ್ ಲೂಬಿನ್, ಜೋಯೆಲ್ ರಾಥ್‌ಮನ್ ಮೊದಲಾದವರು 2022ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ. ಪುಟ್ಟ ನೌಕೆಯೊಂದನ್ನು ಲೇಸರ್ ಬೆಳಕಿನಿಂದ ತಳ್ಳುವುದು. ಅದರೊಳಗೆ ನೀರುಕರಡಿಗಳನ್ನೂ ಒಂದು ಮಿಲಿಮೀಟರ್ ಉದ್ದದ ಹುಳುಗಳನ್ನೂ ಸುಪ್ತಸ್ಥಿತಿಯಲ್ಲಿ ಕಳುಹಿಸುವುದು. ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಬೆಳಕಿನ ವೇಗದ ಐದನೆಯ ಒಂದು ಪಾಲು ಸಾಧಿಸಿದರೂ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟ ಪಯಣ. ಮರಳಿ ಬರುವ ಮಾತಿಲ್ಲ. ಇದು ಇನ್ನೂ ಯೋಜನೆಯಷ್ಟೇ. ಇದರ ನೈತಿಕ ಪ್ರಶ್ನೆಗಳನ್ನು ಆ ಲೇಖಕರೇ ಎತ್ತಿ ಚರ್ಚಿಸಿದ್ದಾರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದುದರಿಂದ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಈಗ ತರುಣನ ಮಾತನ್ನು ಪರೀಕ್ಷಿಸೋಣ. ನೀರುಕರಡಿಯ ಸ್ಥಿತಿಯನ್ನು ಅವನು ಉಪವಾಸದಂತೆ ಕಂಡನು. ಉಪವಾಸವೆಂದರೇನು? ಹೊಟ್ಟೆ ಬರಿದಾಗಿರುವುದೇ ಉಪವಾಸವಲ್ಲ. ಹಾಗಿದ್ದರೆ ಬರಗಾಲದಲ್ಲಿ ಹಸಿದವರೆಲ್ಲ ತಪಸ್ವಿಗಳಾಗುತ್ತಿದ್ದರು. ಅರಿತು, ಸಂಕಲ್ಪಿಸಿ, ಗುರುಸಾಕ್ಷಿಯಾಗಿ ಆಹಾರವನ್ನು ತ್ಯಜಿಸಿ, ಆತ್ಮದ ಸಮೀಪದಲ್ಲಿ ನೆಲೆಸುವುದು ಉಪವಾಸ. ಪಾರಣೆಯ ಸಮಯವನ್ನು ನಿಶ್ಚಯಿಸುವವನು ಅದನ್ನು ಕೈಗೊಂಡವನೇ. ಇನ್ನೊಬ್ಬರ ಅನ್ನನೀರನ್ನು ನಾವು ತಡೆದರೆ ಅದರ ಹೆಸರು ಬೇರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದನ್ನು ಅಹಿಂಸಾಣುವ್ರತದ ಅತಿಚಾರಗಳೆಂದು ಉಮಾಸ್ವಾಮಿಗಳು ಎಣಿಸಿದ್ದಾರೆ. ಸಾವು ಸಂಭವಿಸದಿದ್ದರೂ ಕಟ್ಟಿಹಾಕುವುದು ದೋಷ, ಆಹಾರವನ್ನು ತಡೆಯುವುದು ದೋಷ. ಒಣಗಿಸಿ, ಮುಚ್ಚಿ, ಎಚ್ಚರಗೊಳ್ಳುವ ಗಳಿಗೆಯನ್ನು ನಾವೇ ಕೈಯಲ್ಲಿಟ್ಟುಕೊಂಡ ಪ್ರಾಣಿಗೆ ಮೊದಲನೆಯದೂ ಕೊನೆಯದೂ ಒಟ್ಟಿಗೇ ಒದಗುತ್ತವೆ. ಅದು ಚಲಿಸುವ ಪ್ರಾಣಿ, ತ್ರಸಜೀವ. ಹೀಗಾಗಿ ಈ ವಿಚಾರ ಮುನಿಗಳ ಮಹಾವ್ರತಕ್ಕೆ ಮಾತ್ರ ಸೇರಿದುದಲ್ಲ; ಗೃಹಸ್ಥನ ಅಣುವ್ರತಕ್ಕೇ ಸೇರಿದುದು.

“ನಾವು ಕುಡಿಯುವ ನೀರಿನಲ್ಲಿಯೂ ಜೀವಿಗಳು ಸಾಯುವುದಿಲ್ಲವೆ?” ಎಂದು ಕೇಳಬಹುದು. ನಿಜ. ಗೃಹಸ್ಥನ ಬಾಳು ಪೂರ್ಣ ನಿರ್ದೋಷವಲ್ಲ. ಆದರೆ ನಮ್ಮ ತಾಯಂದಿರು ಏನು ಮಾಡುತ್ತಿದ್ದರೆಂಬುದನ್ನು ನೆನೆಯಿರಿ. ಬಾವಿಯ ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರೆರೆದು ತೊಳೆದು, ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಬೇರೆ ಬಾವಿಗೆ ಸುರಿಯುತ್ತಿರಲಿಲ್ಲ. ಯಾವ ನೀರಿನ ಜೀವವೋ ಆ ನೀರಿಗೇ ಅದನ್ನು ಮುಟ್ಟಿಸಬೇಕು. ಕಣ್ಣಿಗೆ ಕಾಣದ ಜೀವಕ್ಕೂ ತನ್ನದೊಂದು ನೆಲೆಯಿದೆ, ಅದನ್ನು ತಪ್ಪಿಸುವ ಅಧಿಕಾರ ನಮಗಿಲ್ಲ ಎಂಬ ವಿನಯ ಆ ಬಟ್ಟೆಯ ತುದಿಯಲ್ಲಿತ್ತು. ನಕ್ಷತ್ರದತ್ತ ಹೊರಟ ನೀರುಕರಡಿಗೆ ಹಿಂದಿರುಗುವ ಬಾವಿಯೇ ಇಲ್ಲ.

ಇನ್ನೊಂದು ಮಾತು. ದಿಗ್ವ್ರತದಲ್ಲಿ ನಾವು ದಿಕ್ಕುಗಳಿಗೆ ಮೇರೆ ಹಾಕಿಕೊಳ್ಳುತ್ತೇವೆ. ಊರ್ಧ್ವದಿಕ್ಕೂ ಅದರಲ್ಲಿ ಸೇರಿದೆ. ಮೇರೆಯಾಚೆಯ ಜೀವಗಳಿಗೆ ನಮ್ಮಿಂದ ಅಭಯವೆಂಬುದು ಅದರ ತಿರುಳು. ದೇಶವ್ರತದಲ್ಲಿಯಾದರೋ ತಾನು ಹೋಗದೆ ಇನ್ನೊಬ್ಬನನ್ನು ಮೇರೆಯಾಚೆ ಕಳುಹಿಸುವುದು ಪ್ರೇಷ್ಯಪ್ರಯೋಗ, ವಸ್ತುವನ್ನು ಎಸೆಯುವುದು ಪುದ್ಗಲಕ್ಷೇಪ, ಎರಡೂ ಅತಿಚಾರಗಳೇ. ಇಂಥ ವ್ರತವನ್ನು ಕೈಗೊಳ್ಳದವರ ಮೇಲೆ ಅದನ್ನು ಹೇರಲಾಗದು. ಆದರೂ ಕಾಲು ಹೋಗದ ಕಡೆಗೆ ಕೈ ಚಾಚುವ ಆಸೆಯನ್ನು ನಮ್ಮ ಆಚಾರ್ಯರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು!

ಆ ತರುಣನಿಗೆ ನಾನು ವಿಜ್ಞಾನವನ್ನು ಬಿಡು ಎನ್ನಲಿಲ್ಲ. ನಕ್ಷತ್ರವನ್ನು ಅರಿಯಬೇಕೆಂಬುದು ಜ್ಞಾನದ ಹಂಬಲ. ಅದಕ್ಕೆ ಯಂತ್ರವನ್ನು ಕಳುಹಿಸಲಿ. ಜೀವವನ್ನು ಕಟ್ಟಿ ಕಳುಹಿಸುವ ಮುನ್ನ, “ಇದು ಇದರ ವ್ರತವೋ, ನನ್ನ ಕುತೂಹಲವೋ?” ಎಂದು ಕೇಳಿಕೊಳ್ಳಲಿ ಎಂದೆನು. ನಾಳೆ ನಮ್ಮ ಮಕ್ಕಳೇ ಅಂಥ ಪ್ರಯೋಗಶಾಲೆಗಳಲ್ಲಿ ನಿಲ್ಲುವರು. ಮಾಡಿದವನಂತೆ ಮಾಡಿಸಿದವನೂ ಅನುಮೋದಿಸಿದವನೂ ಕರ್ಮಕ್ಕೆ ಭಾಗಿಗಳಾದುದರಿಂದ, ಸುದ್ದಿ ಓದಿ ಚಪ್ಪಾಳೆ ತಟ್ಟುವ ನಾವೂ ಹೊರಗಿನವರಲ್ಲ.

ಮುಂದಿನ ಚತುರ್ದಶಿಯಂದು ಉಪವಾಸದ ಸಂಕಲ್ಪ ಮಾಡುವಾಗ, ಅನ್ನವನ್ನು ಬಿಡುವ ಸ್ವಾತಂತ್ರ್ಯ ನಮಗಿದೆಯೆಂಬುದನ್ನು ಒಂದು ಕ್ಷಣ ನೆನೆಯೋಣ. ಆ ಸ್ವಾತಂತ್ರ್ಯವಿಲ್ಲದ ಜೀವಗಳಿಗೆ ಅಂದು ಕ್ಷಮೆ ಬೇಡೋಣ. ಸರ್ವಜೀವಗಳಿಗೂ ಶಾಂತಿಯಾಗಲಿ.