ಅಂಟಿಸಿದರೆ ಸಾಕೇ?

ನವಿ ಮುಂಬೈಯ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕಗಳ ಗೋದಾಮೊಂದರ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನದು. ಪ್ರತಿ ಡ್ರಮ್ಮಿನ ಮೇಲೂ ಎಚ್ಚರಿಕೆಯ ಲೇಬಲ್ ಇದ್ದರೆ ಪಟ್ಟಿಯಲ್ಲಿ ಗುರುತು ಹಾಕಿ ಮುಂದೆ ಹೋಗಬಹುದು. ಆದರೆ ಅಂಟಿಸಿದ ಮಾತ್ರಕ್ಕೆ ಎಚ್ಚರಿಸಿದಂತಾಯಿತೇ?

ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಜಿಎಚ್‌ಎಸ್ ಪದ್ಧತಿಯ ಚಿಹ್ನೆಗಳು ಒಟ್ಟು ಒಂಬತ್ತು. ತಲೆಬುರುಡೆ ಯಾರಿಗಾದರೂ ಅರ್ಥವಾಗುತ್ತದೆ. ಎದೆಯ ಮೇಲೆ ನಕ್ಷತ್ರವಿರುವ ಮನುಷ್ಯಾಕೃತಿ? ಅದು ಕ್ಯಾನ್ಸರಿನಂಥ, ಎಷ್ಟೋ ವರ್ಷಗಳ ಮೇಲೆ ಕಾಣಿಸಿಕೊಳ್ಳಬಹುದಾದ ಕೇಡಿನ ಗುರುತು. ಯಾರಾದರೂ ಹೇಳಿಕೊಡದೆ ತಿಳಿಯುವುದಿಲ್ಲ. ಅಂಕಿಗಳ ಗೊಂದಲ ಬೇರೆ. ಅಮೆರಿಕದ ಎನ್‌ಎಫ್‌ಪಿಎ ಪದ್ಧತಿಯ ನಾಲ್ಕು ಬಣ್ಣದ ಫಲಕದಲ್ಲಿ 4 ಎಂದರೆ ಅತಿ ಹೆಚ್ಚು ಅಪಾಯ. ಜಿಎಚ್‌ಎಸ್ ವರ್ಗೀಕರಣದಲ್ಲಿ 1 ಎಂದರೆ ಅತಿ ಹೆಚ್ಚು.

ನಮ್ಮ ದೇಶದ ಕೀಟನಾಶಕದ ಡಬ್ಬಿಗಳ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿರುತ್ತವೆ. ಅದು ವಿಷದ ತೀವ್ರತೆ ಇಳಿಯುತ್ತ ಹೋಗುವ ಕ್ರಮ. ಹಸಿರೂ ವಿಷವೇ. ಆದರೆ ಬಿಸ್ಕತ್ತಿನ ಪೊಟ್ಟಣದ ಹಸಿರು ಚುಕ್ಕೆ ನೋಡಿ ಅಭ್ಯಾಸವಾದ ಕಣ್ಣಿಗೆ ಹಸಿರು ಎಂದರೆ ಭರವಸೆ. ಸಾಲದ್ದಕ್ಕೆ, ನಮ್ಮ ಊರುಗಳಲ್ಲಿ ವಿಷ ಸಿಂಪಡಿಸುವುದಕ್ಕೆ ‘ಔಷಧಿ ಹೊಡೆಯುವುದು’ ಎನ್ನುತ್ತೇವೆ. ಹೊಲ ಬಿಟ್ಟು ಗೋದಾಮಿಗೆ ಬಂದವರು ಆ ಮಾತನ್ನೂ ಜೊತೆಗೆ ತಂದಿರುತ್ತಾರೆ.

ಹಾಗಾದರೆ ಓದುವವರ ಮೇಲೆ ಹೊಣೆಯಿಲ್ಲವೇ? ಇದೆ. ಆದರೆ ಅದು ಶುರುವಾಗುವುದು ತಿಳಿದವರು ತಿಳಿಯುವಂತೆ ಹೇಳಿದ ಮೇಲೆ. ಇಷ್ಟರಿಂದಲೇ ನಮ್ಮ ಕರ್ತವ್ಯ ಮುಗಿಯುತ್ತದೆ ಎಂದು ನನಗೆ ಬಹುಕಾಲ ಅನಿಸಿತ್ತು. ಕಲಬುರಗಿ ಕಡೆಯ ಹಮಾಲರೊಬ್ಬರಿಗೆ ಆ ನಕ್ಷತ್ರದ ಚಿಹ್ನೆಯನ್ನು ಕನ್ನಡದಲ್ಲೇ ವಿವರಿಸಿದೆ. ಗಮನವಿಟ್ಟು ಕೇಳಿ ಅವರೆಂದರು: “ತಿಳೀತ್ರಿ ಸಾಹೇಬ್ರ. ಎತ್ತಲ್ಲ ಅಂದ್ರ ನಾಳಿ ಕೆಲಸ ಇರ್ತದೇನ್ರಿ?”

ಎಚ್ಚರಿಕೆ ಎಂಬ ಮಾತಿನಲ್ಲೇ ಕೇಳಿದವರು ಹಿಂದೆ ಸರಿಯಬಹುದು ಎಂಬ ನಂಬಿಕೆ ಅಡಗಿದೆ. ಕೈಗವಸಿಲ್ಲ, ಮುಖಗವಸಿಲ್ಲ, ಒಲ್ಲೆ ಎನ್ನುವ ಹಕ್ಕೂ ಇಲ್ಲ ಎಂದಾದರೆ ಲೇಬಲ್ ಕಾಯುವುದು ಹೊರುವವರನ್ನಲ್ಲ, ಹೊರಿಸುವವರನ್ನು. ನಾಳೆ ಅನಾಹುತವಾದರೆ “ಬರೆದಿತ್ತಲ್ಲ” ಎನ್ನಲು ಅದೊಂದು ಸಾಕ್ಷಿ.

ಇದು ಕಾರ್ಖಾನೆಯವರ ಪ್ರಶ್ನೆ ಮಾತ್ರವಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನು ನೀರಿನ ಬಾಟಲಿಗೆ ಸುರಿದಿಟ್ಟು, ಕೆಲಸದವರ ಕೈಗೆ ಕೊಡುತ್ತೇವೆ. ಮೂಲ ಡಬ್ಬಿಯ ಜೊತೆ ಲೇಬಲ್ಲೂ ಕಸಕ್ಕೆ ಹೋಗಿರುತ್ತದೆ. ಅದರಲ್ಲಿ ಬರೆದಿದ್ದನ್ನು ಹೇಳುವುದು, ಕೈಗವಸು ಕೊಡುವುದು, ಬೇಡವೆಂದರೆ ಒಪ್ಪಿಕೊಳ್ಳುವುದು ಅಲ್ಲಿಂದ ಮುಂದೆ ನಮ್ಮ ಕೆಲಸ.