ಇರುಳಿನ ವಾರ್ಡು, ಹಗಲಿನ ಅನುಭವ

ನಮ್ಮ ದೊಡ್ಡಾಸ್ಪತ್ರೆಗಳಲ್ಲಿ ಅನುಭವಕ್ಕೆ ಹೊತ್ತುಗೊತ್ತಿದೆ, ಕಾಯಿಲೆಗೆ ಇಲ್ಲ. ಬೆಳಗಿನ ರೌಂಡ್ಸಿನಲ್ಲಿ ಯೂನಿಟ್ ಚೀಫ್ ಬಂದಾಗ ಒಂದು ಮಂಚದ ಸುತ್ತ ಎಂಟು ಹತ್ತು ಬಿಳಿ ಕೋಟುಗಳು. ನಡುರಾತ್ರಿ ಅದೇ ಮಂಚದಲ್ಲಿ ಉಸಿರು ಕಟ್ಟಿದರೆ ಓಡಿಬರುವುದು ಸ್ನಾತಕೋತ್ತರ ಓದುತ್ತಿರುವ ಒಬ್ಬ ಪಿಜಿ, ಜೊತೆಗೊಬ್ಬ ಹೌಸ್ ಸರ್ಜನ್. "ದೊಡ್ಡ ಡಾಕ್ಟ್ರು ಯಾವಾಗ ಬರ್ತಾರಪ್ಪಾ?" ಎಂದು ರೋಗಿಯ ಕಡೆಯವರು ಕೇಳುತ್ತಾರೆ. ಇದು ಕಿರಿಯರ ಮೇಲಿನ ಅಪನಂಬಿಕೆಯೆಂದು ನನಗೆ ಅನಿಸುವುದಿಲ್ಲ. ಆ ಹುಡುಗ, ಆ ಹುಡುಗಿ ಒಂಟಿಯಾಗಿದ್ದಾರೆಂಬುದು ಅವರ ಕಣ್ಣಿಗೂ ಬಿದ್ದಿರುತ್ತದೆ.

ಈ ಒಂಟಿತನ ನಮ್ಮಲ್ಲಷ್ಟೇ ಅಲ್ಲ. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರ, ತಳಮಳವೆಂದು ಸೇರಿದ 18ರ ತರುಣಿ ಲಿಬಿ ಜಯಾನ್ ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಇರುಳು ನೋಡಿಕೊಂಡವರು ಇನ್ನೂ ತರಬೇತಿಯಲ್ಲಿದ್ದ ಇಬ್ಬರು; ಹಿರಿಯ ವೈದ್ಯರು ಫೋನಿನ ಆಚೆಗಿದ್ದರು. ಪತ್ರಕರ್ತನಾಗಿದ್ದ ತಂದೆ ಸಿಡ್ನಿ ಜಯಾನ್ ಪಟ್ಟು ಬಿಡಲಿಲ್ಲ. ಡಾ. ಬರ್ಟ್ರಂಡ್ ಬೆಲ್ ಅವರ ಸಮಿತಿ ಕೂತಿತು, 1989ರಲ್ಲಿ ನ್ಯೂಯಾರ್ಕ್ ರಾಜ್ಯ ಕಿರಿಯ ವೈದ್ಯರ ದುಡಿಮೆಯನ್ನು ವಾರಕ್ಕೆ 80 ಗಂಟೆಗೆ ಕಟ್ಟಿಹಾಕಿತು. ಅವರ ಕೆಲಸದ ಮೇಲೆ ಹಿರಿಯರ ನಿಗಾ ಇರಬೇಕೆಂದೂ ಅದೇ ನಿಯಮ ಹೇಳಿತ್ತು. ಗಂಟೆಗಿಂತ ನಿಗಾವೇ ಮುಖ್ಯವೆಂದು ಬೆಲ್ ವರ್ಷಗಟ್ಟಲೆ ಹೇಳಿದರು. ಜಗತ್ತಿನ ನೆನಪಿನಲ್ಲಿ ಉಳಿದದ್ದು 80 ಮಾತ್ರ.

ನಮ್ಮಲ್ಲೂ ಅಂಕಿಗೆ ಬರವಿಲ್ಲ. ರೆಸಿಡೆಂಟ್ ವೈದ್ಯರ ಕೆಲಸ ಸಾಮಾನ್ಯವಾಗಿ ಒಂದೇ ಸಮ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ. ಆದರೆ 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗಲೇ 36 ಗಂಟೆಯ ಡ್ಯೂಟಿ ಎಂಬುದೊಂದಿದೆಯೆಂದು ದೇಶ ಬೆಚ್ಚಿದ್ದು.

ಗಂಟೆಗಿಂತ ನಿಗಾವೇ ಮುಖ್ಯವೆಂದಾದರೆ ಹಿರಿಯರ ಬಳಿ ಇರುವುದಾದರೂ ಏನು? ಪುಸ್ತಕದ ಹೊಸ ವಿಷಯ ಕಿರಿಯರಿಗೇ ಹೆಚ್ಚು ಗೊತ್ತಿರಬಹುದು. ಹಿರಿಯರಲ್ಲಿ ಇರುವುದು ತಪ್ಪಿಹೋದ ಕೇಸುಗಳ ನೆನಪು. ಸ್ಕ್ಯಾನ್ ಚೆನ್ನಾಗಿದ್ದರೂ ರೋಗಿಯ ಮುಖ ನೋಡಿ "ಇವರನ್ನು ಮನೆಗೆ ಕಳಿಸಬೇಡಿ" ಎನ್ನುವ ಧೈರ್ಯ. ಇದನ್ನು ತರಗತಿಯಲ್ಲಿ ಪಾಠ ಮಾಡಲಾಗದು. ಮಗ್ಗುಲಲ್ಲಿ ನಿಂತು, ಅವರು ಹಿಂಜರಿಯುವುದನ್ನೂ ಮನಸ್ಸು ಬದಲಿಸುವುದನ್ನೂ ಕಣ್ಣಾರೆ ಕಂಡೇ ಕಲಿಯಬೇಕು. ಅಡುಗೆಮನೆಯಲ್ಲಿ ಅಜ್ಜಿಯ ಕೈಯಳತೆ ಮೊಮ್ಮಗಳಿಗೆ ಬಂದಂತೆ.

ಕಿರಿಯರ ಪಾಡು ಬೇರೆ. ರಾತ್ರಿ ಎರಡಕ್ಕೆ ಅನುಮಾನ ಬಂದಿದೆ. ಫೋನ್ ಮಾಡಿದರೆ ಸರ್ ಬೈಯ್ಯಬಹುದು, "ಇಷ್ಟೂ ಗೊತ್ತಿಲ್ವಾ" ಅನ್ನಬಹುದು. ಇನ್ನೊಂದು ಗಂಟೆ ನೋಡೋಣ ಎಂದುಕೊಳ್ಳುತ್ತಾರೆ. ಆ ಒಂದು ಗಂಟೆ ಯಾವ ಕೇಸ್ ಶೀಟಿನಲ್ಲೂ ದಾಖಲಾಗುವುದಿಲ್ಲ. ಎಷ್ಟು ಪ್ರೊಫೆಸರರಿಗೆ ಎಷ್ಟು ಪಿಜಿ ಎಂಬ ಮಂಜೂರಾದ ಹುದ್ದೆಗಳ ಲೆಕ್ಕ ಕಾಗದದಲ್ಲಿ ಸರಿಯಾಗಿಯೇ ಇರಬಹುದು; ಅಂಜದೆ ಫೋನ್ ಮಾಡಲಾಗದ ಕಡೆ ಹಿರಿಯರು ಇದ್ದೂ ಇಲ್ಲ.

ಹಿರಿಯರದೇ ತಪ್ಪೆನ್ನುವುದೂ ಸಲ್ಲದು. ಐವತ್ತೈದರ ದೇಹ ನಿದ್ದೆಗೆಟ್ಟು ಮರುದಿನ ಥಿಯೇಟರಿನಲ್ಲಿ ನಿಲ್ಲಲಾರದು. ಖಾಲಿ ಹುದ್ದೆಗಳ ಹೊರೆ, ಪರೀಕ್ಷೆ, ಕಡತ ಎಲ್ಲವೂ ಅವರ ಹೆಗಲ ಮೇಲೆಯೇ. ಆದರೂ ಗಂಟೆಯನ್ನಷ್ಟೇ ಕಡಿತ ಮಾಡಿದರೆ ದಣಿದ ಕಿರಿಯನೊಬ್ಬ ದಣಿಯದ ಇನ್ನೊಬ್ಬ ಕಿರಿಯನಿಗೆ ರೋಗಿಯನ್ನು ಒಪ್ಪಿಸಿ ಹೋಗುತ್ತಾನೆ, ಇಬ್ಬರೂ ಒಂಟಿಯೇ. ರಾತ್ರಿ ಪಾಳಿಯ ಪಟ್ಟಿಯಲ್ಲಿ ಒಬ್ಬ ಹಿರಿಯರ ಹೆಸರಿರಲಿ, ಅವರು ಆಸ್ಪತ್ರೆಯೊಳಗೇ ಇರಲಿ. ಅದಕ್ಕಾಗಿ ಮರುದಿನದ ಅವರ ಓಪಿಡಿ ನಿಂತರೂ ಸರಿಯೇ.